ಬೋಲ್ಟು ಇಟ್ಟ ಜಾಗ

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ತಗ್ಗು ಇದೆ. ಅಂಗೈಯಷ್ಟು ಅಗಲ, ಹೆಬ್ಬೆರಳ ತುದಿ ಹುದುಗುವಷ್ಟು ಆಳ. ಹನ್ನೊಂದು ವರ್ಷದ ಹಿಂದೆ ನಾನು ಎಸೆದ ಹಿತ್ತಾಳೆಯ ತಂಬಿಗೆ ಬಡಿದು ಅಲ್ಲಿಯ ಗಿಲಾವು ಉದುರಿತು. ಗೋಡೆಗೆ ಒರಗಿ ಕುಳಿತು ಶಾಲೆಯ ಲೆಕ್ಕ ಬಿಡಿಸುತ್ತಿದ್ದ ಮಗಳ ಕಿವಿಗೂ ಆ ತಂಬಿಗೆಗೂ ನಡುವೆ ಒಂದು ಗೇಣು ಅಂತರ ಉಳಿದಿತ್ತು. ನಾನು ಎಸೆದದ್ದು ಅವಳ ಮೇಲಲ್ಲ, ಯಾರ ಮೇಲೂ ಅಲ್ಲ. ಯಾಕೆ ಎಸೆದೆ ಎಂದು ಕೇಳಿದರೆ ಈಗ ನೆನಪಿಲ್ಲ. ಮರೆತುಹೋಗುವಷ್ಟು ಸಣ್ಣ ಕಾರಣಕ್ಕೆ ಎಸೆದೆನಲ್ಲ ಎಂಬುದೇ ನನಗೆ ನಾಚಿಕೆ.

ಮರುದಿನ ಸಿಮೆಂಟು ಕಲಸಿಕೊಂಡು ಮುಚ್ಚಲು ಹೋದೆ. ಹೆಂಡತಿ ನನ್ನ ಕೈಯಿಂದ ಕರಣೆ ಕಸಿದುಕೊಂಡಳು. "ಅದು ಹಂಗೇ ಇರ್ಲಿ. ದಿನಾ ನೋಡ್ಕೋತ ಇರ್ರಿ," ಅಂದಳು. ಅದಾದ ಮೇಲೆ ಮನೆಗೆ ಎರಡು ಸಲ ಬಣ್ಣ ಹೊಡೆಸಿದ್ದೇವೆ. ತಗ್ಗಿನೊಳಗೂ ಬಣ್ಣ ಹೋಗಿದೆ, ತಗ್ಗು ಹೋಗಿಲ್ಲ. ಅದರ ಮೇಲೊಂದು ಕ್ಯಾಲೆಂಡರು ತೂಗುಹಾಕಲೂ ಅವಳು ಬಿಟ್ಟಿಲ್ಲ.

ನನ್ನದು ಶಹಾಬಾದ. ಭಂಕೂರಿನ ದಾರಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಸಣ್ಣ ಶೆಡ್ಡು ಇಟ್ಟುಕೊಂಡಿದ್ದೇನೆ. ಕಲ್ಲು ನೋಡುವುದರಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ ಎಂಬ ಜಂಬ ನನಗಿದೆ, ಬಚ್ಚಿಡುವುದಿಲ್ಲ. ಗೆಣ್ಣಿನಿಂದ ಬಡಿದರೆ ಗಟ್ಟಿ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ಬದ್ದ್ ಎನ್ನುತ್ತದೆ. ಅನುಮಾನ ಬಂದರೆ ನೀರು ಸುರಿದು ಆರಲು ಬಿಡಬೇಕು. ಉಳಿದದ್ದೆಲ್ಲ ಒಣಗಿದರೂ ಬಿರುಕಿನ ಗೆರೆ ಹಸಿಯಾಗಿಯೇ ಇರುತ್ತದೆ. ಈ ವಿದ್ಯೆ ನನಗೆ ಅನ್ನ ಹಾಕಿದೆ. ಇದೇ ವಿದ್ಯೆಯಿಂದ ಮಗಳಿಗೆ ರೈಫಲನ್ನೂ ಆರಿಸಬಹುದು ಎಂದುಕೊಂಡದ್ದು ನನ್ನ ತಪ್ಪು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಇರುವೆ ಸಾಲು ಕಂಡರೆ ನನ್ನ ಅವ್ವ ಕಾಲು ಎತ್ತಿ ದಾಟುತ್ತಿದ್ದಳು. ಅಂಥ ಮನೆಯ ಹುಡುಗಿ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಳು. ಒಂದು ಶಿಬಿರದಲ್ಲಿ ಹೊಟ್ಟೆಯ ಮೇಲೆ ಮಲಗಿ ಅವಳು ಹೊಡೆದ ಐದು ಗುಂಡುಗಳ ತೂತುಗಳು ಒಂದು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋದವಂತೆ. ಅಲ್ಲಿ ಕಲಿಸುತ್ತಿದ್ದವರು ಚಿತ್ತಾಪುರದ ಒಬ್ಬ ನಿವೃತ್ತ ಹವಾಲ್ದಾರರು. ಆ ಗುರಿಯ ಕಾಗದ ಹಿಡಿದುಕೊಂಡು ನಮ್ಮ ಶೆಡ್ಡಿಗೇ ಬಂದರು. "ಈ ಕೂಸಿಗಿ ಉಸಿರು ಹಿಡಿಯೂದು ಗೊತ್ತದ್ರಿ," ಅಂದರು. "ನಾ ಮೂವತ್ತು ವರ್ಷ ಸಿಪಾಯಿಗಳಿಗಿ ಕಲಿಸೀನಿ. ಕಲಿಸಿದ್ರೂ ಬರಂಗಿಲ್ಲ ಅದು." ಮಗಳಿಗೆ ಉಸಿರು ಹಿಡಿಯುವುದು ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನಾನು ಮನೆಗೆ ಕಾಲಿಟ್ಟಾಗಲೆಲ್ಲ ಅವಳು ಅದನ್ನೇ ಅಭ್ಯಾಸ ಮಾಡಿಕೊಂಡು ಬೆಳೆದಿದ್ದಳು.

ಡಿಗ್ರಿ ಮುಗಿದ ಮೇಲೂ ಬಿಡಲಿಲ್ಲ. ವಾರಕ್ಕೆರಡು ಸಲ ರೈಲು ಹತ್ತಿ ಕಲಬುರಗಿಯ ರೇಂಜಿಗೆ ಹೋಗುತ್ತಿದ್ದಳು. ಅಲ್ಲಿದ್ದದ್ದು ಒಂದೇ ಹಳೆಯ ರೈಫಲು, ಹತ್ತು ಮಂದಿಯ ಪಾಲು. ಉದ್ದ ತೋಳಿನ ಗಂಡಸರ ಅಳತೆಯದು. ಅದರ ಹಿಂಬದಿ ಇವಳ ಭುಜದಲ್ಲಿ ಕೂಡುತ್ತಲೇ ಇರಲಿಲ್ಲ. ಇವಳು ರೈಫಲಿನ ಮೇಲಿನ ಗುರಿ ನೋಡುವ ತೂತನ್ನು ತನ್ನ ಕಣ್ಣಿಗೆ ಹೊಂದಿಸಿಟ್ಟು ಬಂದರೆ ಮುಂದಿನ ಸಲ ಹೋಗುವುದರೊಳಗೆ ಇನ್ನೊಬ್ಬರು ತಿರುಗಿಸಿಟ್ಟಿರುತ್ತಿದ್ದರು. ರಾಜ್ಯಮಟ್ಟದ ಸ್ಪರ್ಧೆಗೆ ಹೋಗಬೇಕೆಂದರೆ ತನ್ನದೇ ಒಂದು ಬೇಕು. "ನಂದೇ ಒಂದಿದ್ರ ಚಂದಿತ್ತಪ್ಪ," ಎಂದು ಒಮ್ಮೆ ಮಾತ್ರ ಅಂದಳು. ಕೇಳುವ ಹುಡುಗಿಯಲ್ಲ ಅವಳು. ಅದಕ್ಕೇ ಆ ಮಾತು ನನ್ನ ಎದೆಯಲ್ಲಿ ನಾಟಿತು.

ಹವಾಲ್ದಾರರು ಶೆಡ್ಡಿನ ಕಲ್ಲಿನ ರಾಶಿಯ ಮೇಲೆ ಕುಳಿತು ನನಗೆ ಪಾಠ ಹೇಳಿದರು. ಮೊದಲನೆಯ ರೈಫಲು 'ಪಾಯಿಂಟ್ ಟೂ-ಟೂ' ಇರಬೇಕು. ಅದರ ಕಾಡತೂಸು ಕಿರುಬೆರಳ ಒಂದು ಗೆಣ್ಣಿನಷ್ಟು. ಸಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ, ಆ ಅಂಚಿಗೆ ಮೊಳೆಯ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ. ಭುಜಕ್ಕೆ ಒದೆತವಿಲ್ಲ, ಕಾಡತೂಸೂ ಅಗ್ಗ, ಕಲಿಯುವವರು ಜೇಬು ಸುಟ್ಟುಕೊಳ್ಳದೆ ದಿನಕ್ಕೆ ಐವತ್ತು ಸಲ ತಪ್ಪು ಮಾಡಬಹುದು. ಒಂದೊಂದೇ ಕಾಡತೂಸು ಇಟ್ಟು, ಬೋಲ್ಟು ದೂಡಿ, ಹೊಡೆಯುವಂಥದ್ದೇ ಸಾಕು. ಬೋಲ್ಟು ಎಂದರೆ ರೈಫಲಿನ ಹಿಂದಿನ ಬಾಗಿಲ ಅಗುಳಿ ಇದ್ದ ಹಾಗೆ. ಅದನ್ನು ಪೂರ್ತಿ ಎಳೆದು ಕೈಗೆ ತೆಗೆದುಕೊಳ್ಳಬಹುದು. ತೆಗೆದರೆ ರೈಫಲು ಬರಿಯ ಕೊಳವೆ.

"ಕಟ್ಟಗಿ ಥಳಕು ನೋಡಿ ಮರುಳಾಗಬ್ಯಾಡ್ರಿ," ಅಂದರು. "ಹಳೇದು ತಗೊಂಡ್ರೂ ನಡೀತದ. ಆಕಿ ಭುಜಕ್ಕ ಕುಂತದೇನಿಲ್ಲ ನೋಡ್ರಿ, ಟ್ರಿಗರ್ ಹಗುರ ಬರ್ತದೇನ್ ನೋಡ್ರಿ. ಆದ್ರ ಎಲ್ಲಾದಕ್ಕಿಂತ ಮುಂಚೆ ಬೋಲ್ಟ್ ತಗದು ನಳಗಿ ಒಳಗ ಕಣ್ಣಿಡ್ರಿ. ಈ ಕಡಿಂದ ಆ ಕಡಿಗಿ ಬೆಳಕು ಕಾಣ್ಬೇಕು. ಬೆಳಕು ಕಾಣಲಾರದ್ದಕ್ಕ ಕಾಡತೂಸು ಹಾಕಿದ್ರಿ ಅಂದ್ರ ಹೊಡದವರ ಕಣ್ಣೇ ಹೋಗ್ತದ."

ಲೈಸೆನ್ಸಿಗೆ ಅರ್ಜಿ ಹಾಕಿದ್ದು ಮಗಳ ಹೆಸರಿನಲ್ಲಿ, ಅವಳಿಗೆ ಇಪ್ಪತ್ತೆರಡು. ವಿಚಾರಣೆಗೆ ಒಬ್ಬ ಪೊಲೀಸಪ್ಪ ಮನೆಗೆ ಬಂದ. "ನೀವು ತುಟಿ ಪಿಟಕ್ಕೆನ್ನಬ್ಯಾಡ್ರಿ," ಎಂದು ಹೆಂಡತಿ ನನಗೆ ಮೊದಲೇ ತಾಕೀತು ಮಾಡಿದ್ದಳು. ಅವನು ಬಂದು ಕುಳಿತದ್ದು ಸರಿಯಾಗಿ ಆ ತಗ್ಗಿನ ಕೆಳಗೆ. ಅದೂ ಇದೂ ಕೇಳಿ, ಕಡೆಗೆ ಪೆನ್ನು ಎತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದ. "ಮನ್ಯಾಗ ಜಗಳಾ-ಗಿಗಳಾ ಏನರ ಅವೇನ್ರಿ ಅಕ್ಕಾ?"

ಅವಳು ಅವನ ತಲೆಯ ಮೇಲಿನ ಗೋಡೆಯನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಮಗಳು ಉಸಿರು ಹಿಡಿದು ನಿಂತಿದ್ದಳು.

"ಜಗಳ ಇಲ್ರಿ," ಅಂದಳು. "ಸಿಟ್ಟು ಅದ."

"ಸಿಟ್ಟು ಯಾರ ಮನ್ಯಾಗಿಲ್ಲ ಬಿಡ್ರಿ," ಎಂದು ನಕ್ಕು ಅವನು ಬರೆದುಕೊಂಡು ಹೋದ.

ಅವನ ಬೈಕಿನ ಸದ್ದು ದೂರವಾಗುವ ತನಕ ಅವಳು ಕಾದಳು. ಆಮೇಲೆ ನನ್ನೆದುರು ಬಂದು ನಿಂತಳು. "ನಾ ಸುಳ್ಳೂ ಹೇಳಿಲ್ಲ, ಪೂರಾ ಖರೇನೂ ಹೇಳಿಲ್ಲ. ಕೂಸಿನ ಸಲುವಾಗಿ. ಆದ್ರ ಇವತ್ತಿಂದ ನಿಮ್ಮ ಕೈಲಿಂದ ಒಂದು ಚಮಚಾ ಹಾರಿದ್ರೂ ಆ ಬಂದೂಕು ಈ ಹೊಸ್ತಿಲಾ ದಾಟಂಗಿಲ್ಲ. ನಾನೇ ಠಾಣೆಗಿ ಹೋಗಿ ಬ್ಯಾಡಂತ ಬರಕೊಟ್ಟು ಬರ್ತೀನಿ. ನೆಪ್ಪಿರ್ಲಿ."

ಮಗಳ ರೈಫಲು ಹೀಗೆ ನನ್ನ ಮುಂಗೈಗೆ ಬಂದು ತೂಗಿಕೊಂಡಿತು.

ಲೈಸೆನ್ಸ್ ಬರುವ ತನಕದ ತಿಂಗಳುಗಳಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಶೆಡ್ಡಿನಲ್ಲಿ ಆಳೊಬ್ಬ ಪಾಲಿಶ್ ಮುಗಿದ ಎಂಟು ಅಡಿ ಕಲ್ಲನ್ನು ಇಳಿಸುವಾಗ ಬೀಳಿಸಿ ಎರಡು ತುಂಡು ಮಾಡಿದ. ಪಿತ್ತ ನೆತ್ತಿಗೇರಿತು. ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕುಳಿತೆ. "ಸಾಹೇಬ್ರಿಗಿ ಮೈಯಾಗ ಆರಾಮಿಲ್ಲೇನು?" ಎಂದು ಆಳುಗಳೇ ಗುಸುಗುಸು ಮಾತಾಡಿಕೊಂಡರು. ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ನೀರಿನ ಲೋಟ ಎತ್ತಿದರೆ ಮಗಳ ಕಣ್ಣು ಒಂದು ಗಳಿಗೆ ನನ್ನ ಮುಂಗೈಯ ಮೇಲೆ ಬಂದು ಹೋಗುತ್ತಿತ್ತು. ಬೇಕಂತ ನೋಡುತ್ತಿರಲಿಲ್ಲ, ಪಾಪ. ಎಷ್ಟು ವರ್ಷದಿಂದ ಹೀಗೆ ನೋಡುತ್ತಿದ್ದಳೋ, ನಾನೇ ಗಮನಿಸಿರಲಿಲ್ಲ. ಆ ನೋಟ ನನ್ನನ್ನು ಒಳಗೊಳಗೇ ಕೊರೆಯಿತು.

ಲೈಸೆನ್ಸ್ ಕೈಗೆ ಬಂದದ್ದು ತೊಗರಿ ರಾಶಿಯ ಹೊತ್ತಿನಲ್ಲಿ. ಕಲಬುರಗಿಯ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆ. ಅಷ್ಟರಲ್ಲಿ ತನ್ನ ಮನೆಗೆ ಫರ್ಸಿ ಒಯ್ಯಲು ಶೆಡ್ಡಿಗೆ ಬಂದ ಚಿಂಚೋಳಿ ಕಡೆಯ ಗಿರಾಕಿಯೊಬ್ಬ, ಐನಾಪುರದಲ್ಲಿ ಒಬ್ಬ ಮುದುಕರು ತಮ್ಮ ತಂದೆಯ ಕಾಲದ ಟೂ-ಟೂ ರೈಫಲನ್ನು ಮಾರುವವರಿದ್ದಾರೆ, ಹೊಸದರ ಅರ್ಧಕ್ಕೂ ಕಡಿಮೆಗೆ ಕೊಡುತ್ತಾರೆ ಎಂದ. ಹವಾಲ್ದಾರರಿಗೆ ಫೋನು ಮಾಡಿದೆ. ಅವರು ಬೀಗರ ಮದುವೆಗೆ ಹೋಗಿದ್ದರು. "ಮೂರ್ ದಿನ ತಡೀರಿ. ನಾನೂ ಬರ್ತೀನಿ. ನಾ ಬರೂತನ ಅದಕ್ಕ ಕಾಡತೂಸು ಮುಟ್ಟಸಬ್ಯಾಡ್ರಿ," ಅಂದರು.

ಮೂರು ದಿನದಲ್ಲಿ ಇನ್ಯಾರೋ ಒಯ್ದರೆ? ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಮನುಷ್ಯನ ಕಥೆ ನನಗೂ ಗೊತ್ತಿತ್ತು. ಆದರೆ ಅಂಥ ಗಾದೆಗಳು ಬೇರೆಯವರಿಗೆ ಹೇಳಲಿಕ್ಕೆ ಇರುತ್ತವೆ. ಮರುದಿನ ಬೆಳಿಗ್ಗೆಯೇ ಕಲ್ಲು ಸಾಗಿಸುವ ನನ್ನ ಟೆಂಪೊದಲ್ಲಿ ಮಗಳನ್ನು ಕೂಡಿಸಿಕೊಂಡು ಹೊರಟೆ. ಅವಳ ಕೈಯಲ್ಲಿ ಒಂದು ಉದ್ದನೆಯ ಚೀಲವಿತ್ತು, ಅದರಲ್ಲಿ ನಳಿಗೆ ಸ್ವಚ್ಛ ಮಾಡುವ ಹಿತ್ತಾಳೆ ಸಲಾಕೆ.

ವಾಡಿಯ ಗೇಟಿನಲ್ಲಿ ಗೂಡ್ಸ್ ಗಾಡಿ ಮುಗಿಯಲೊಲ್ಲದು. ಮುಂದಿನ ಲಾರಿಯವನಿಗೆ ಹಾರ್ನು ಬಾರಿಸಬೇಕೆಂದು ಕೈ ಎತ್ತಿದೆ, ಪಕ್ಕದಲ್ಲಿ ಮಗಳ ಕಣ್ಣು ಸರಿದದ್ದು ಕಂಡಿತು, ಕೈ ಇಳಿಸಿದೆ. ಚಿತ್ತಾಪುರದಲ್ಲಿ ಹವಾಲ್ದಾರರ ಓಣಿ ದಾಟುವಾಗ ಅವಳು ಮೆಲ್ಲಗೆ ಅಂದಳು, "ಅಪ್ಪ, ಅವರು ಬಂದ ಮ್ಯಾಲೇ ಹೋಗೋಣೇನು?" ನಾನು ಗೇರು ಬದಲಿಸಿದೆ. ಸೇಡಂನಲ್ಲಿ ಚಹಾಕ್ಕೆ ನಿಂತೆವು. ಚಿಂಚೋಳಿಯ ದಾರಿಯಲ್ಲಿ ಕರಿಮಣ್ಣು ಹೋಗಿ ಕೆಂಪು ಮಣ್ಣು ಬಂತು. ಹೊಲಗಳಲ್ಲಿ ತೊಗರಿ ಕಟ್ಟಿಗೆಯ ಗೂಡು ಕಟ್ಟಿದ್ದರು.

ಮುದುಕರು ಒಳ್ಳೆಯವರೇ. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಧೋತರ, ಹಣೆಗೆ ಮೂರು ಬೆರಳ ವಿಭೂತಿ. "ಬರ್ರಿ, ಕುಂದ್ರಿ," ಎಂದು ಕಂಬಳಿ ಹಾಸಿದರು. ರೈಫಲು ದೇವರ ಜಗುಲಿಯ ಪಟಗಳ ಕೆಳಗೆ ಎರಡು ಗೂಟದ ಮೇಲೆ ಮಲಗಿತ್ತು. ಇಳಿಸಿ ನನ್ನ ಕೈಗೆ ಕೊಟ್ಟರು. ಏನು ಹೇಳಲಿ, ಕಟ್ಟಿಗೆಯ ಹೊಳಪಿನಲ್ಲಿ ನನ್ನ ಮೀಸೆ ಕಾಣುತ್ತಿತ್ತು. ಮೂವತ್ತು ವರ್ಷ ಪಾಲಿಶ್ ಮಾಡಿದ ನನಗೇ ಹೊಟ್ಟೆಕಿಚ್ಚು ಬಂತು. ಪ್ರತಿ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಅಗಸೆ ಎಣ್ಣೆ ಹಚ್ಚಿ ತಿಕ್ಕುತ್ತಾರಂತೆ. ರೂಢಿಯ ಪ್ರಕಾರ ಗೆಣ್ಣಿನಿಂದ ನಳಿಗೆಯನ್ನು ಬಡಿದೆ. ಬದ್ದ್ ಎಂದಿತು.

ಕಟ್ಟಿಗೆಗೆ ಅಂಟಿಕೊಂಡ ಕಬ್ಬಿಣ ದನಿ ಕೊಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗಳು ಭುಜಕ್ಕಿಟ್ಟು ನೋಡಿದಳು. ಸರಿಯಾಗಿ ಕೂತಿತು, ಅವಳಿಗೆಂದೇ ಮಾಡಿಸಿದ ಹಾಗೆ. ಅವಳ ಮುಖ ಅರಳಿದ್ದು ನೋಡಿ ನಾನು ಒಳಗೇ ಸೌದಾ ಮುಗಿಸಿಬಿಟ್ಟೆ.

"ಒಂದು ಹೊಡದು ನೋಡ್ರಲ್ಲ," ಅಂದರು ಮುದುಕರು. ನೀರು ಸುರಿಯದೆ ಫರ್ಸಿ ಕೊಳ್ಳಬಾರದು ಎಂಬುದು ನಮ್ಮ ಕಸುಬಿನ ಮಾತು. ನನಗೂ ಅದೇ ಬೇಕಿತ್ತು. ಹವಾಲ್ದಾರರ ಮಾತು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು, ಪಕ್ಕಕ್ಕೆ ಸರಿಸಿದೆ. ಮನೆಯ ಹಿಂದೆ ಅವರ ಹೊಲ, ಹೊಲದ ಕೊನೆಗೆ ಆಳೆತ್ತರದ ಮಣ್ಣಿನ ಒಡ್ಡು. ಒಡ್ಡಿನ ಬುಡದಲ್ಲಿ ಒಂದು ರಟ್ಟು ನಿಲ್ಲಿಸಿದೆವು. ಮುದುಕರ ಹೆಂಡತಿ ಎರಡು ಸ್ಟೀಲು ಕಪ್ಪಿನಲ್ಲಿ ಚಹಾ ತಂದು ಕೊಟ್ಟು ಅಲ್ಲೇ ಬೇವಿನ ನೆರಳಿಗೆ ನಿಂತರು. ಮುದುಕರು ಒಂದು ಹಳೆಯ ಕಾಡತೂಸನ್ನು ನನ್ನ ಅಂಗೈಯಲ್ಲಿಟ್ಟರು.

"ಮೊದಲ ಬೋಲ್ಟ್ ತಗೀತೀನಿ," ಅಂದಳು ಮಗಳು. ಎಳೆದಳು. ಸ್ವಲ್ಪ ಬಂದು ನಿಂತಿತು.

"ಅದು ಪೂರಾ ಹೊರಗ ಬರಂಗಿಲ್ಲವ್ವ," ಅಂದರು ಮುದುಕರು. "ಅಪ್ಪನ ಕಾಲದಿಂದ ಹಂಗೇ ಅದ. ಕಾಡತೂಸು ಹಿಡೀತದ, ಸಾಕು."

"ನಳಗಿ ಒಳಗ ನೋಡ್ಬೇಕ್ರಿ ತಾತ." ಅವಳು ಸೀಮೆಎಣ್ಣೆ ಕೇಳಿದಳು. ಮುದುಕಿ ಬಾಟಲಿ ತಂದರು. ಮಗಳು ನೆಲಕ್ಕೆ ಕುಳಿತು, ಹನಿ ಹನಿ ಬಿಟ್ಟು, ಕಾಯ್ದು, ಮತ್ತೆ ಎಳೆದಳು. ಬರಲಿಲ್ಲ. ಮತ್ತೆ ಹನಿ, ಮತ್ತೆ ಕಾಯುವುದು. ಬಿಸಿಲು ನೆತ್ತಿಗೆ ಬಂದಿತ್ತು. ನಾನು ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕಾಡತೂಸು ಹಿಡಿದು ಗೂಟದ ಹಾಗೆ ನಿಂತಿದ್ದೆ.

"ಸಾಕ್ ಬಿಡವ್ವ. ಒಂದ್ ಗುಂಡಿಗಿ ಇಷ್ಟ್ಯಾಕ?" ಅಂದೆ.

"ಇಲ್ಲಪ್ಪ. ನೋಡಲಾರದ ಹೊಡಿಯಂಗಿಲ್ಲ."

ಮುದುಕರು ಮೀಸೆಯಡಿ ನಕ್ಕರು. ಹಂಗಿಸಬೇಕೆಂದಲ್ಲ, ಸುಮ್ಮನೆ ಚೇಷ್ಟೆಗೆ ಅಂದರು: "ನಿಮ್ಮ ಮನ್ಯಾಗ ಮಗಳ ಮಾತೇ ನಡೀತದೇನ್ರಿ ಸಾಹುಕಾರ್ರ?"

ಅಷ್ಟು ಸಾಕಾಯಿತು. ನಾಲ್ಕು ತಿಂಗಳು ತೊಡೆಯಡಿ ಒತ್ತಿಟ್ಟುಕೊಂಡಿದ್ದು ಒಮ್ಮೆಲೇ ಮೇಲೆದ್ದಿತು. ಕಿವಿಯೊಳಗೆ ಗುಂಯ್ ಎಂದಿತು. "ತಾ ಇಲ್ಲಿ! ನಾನೇ ಹೊಡೀತೀನಿ!" ಎಂದು ಕಾಡತೂಸಿನ ಮುಷ್ಟಿಯಿಂದಲೇ ರೈಫಲಿಗೆ ಕೈ ಹಾಕಿದೆ. ಲೈಸೆನ್ಸು ಅವಳದ್ದು, ನನ್ನದಲ್ಲ ಎಂಬ ಅರಿವೂ ಆ ಗಳಿಗೆಯಲ್ಲಿರಲಿಲ್ಲ.

ಅವಳು ಬಿಡಲಿಲ್ಲ. ಎದ್ದು ನಿಂತು ಎರಡೂ ಕೈಯಿಂದ ರೈಫಲನ್ನು ಎದೆಗೆ ಅವಚಿಕೊಂಡಳು, ಮೂತಿಯನ್ನು ಒಡ್ಡಿನ ಕಡೆ ತಿರುಗಿಸಿಯೇ ಹಿಡಿದಿದ್ದಳು. ನಾನು ಎಳೆದೆ. "ಕೊಡಂಗಿಲ್ಲಪ್ಪ," ಅಂದಳು.

ನನ್ನ ಇನ್ನೊಂದು ಕೈಯಲ್ಲಿದ್ದ ಕಪ್ಪು ಹಾರಿತು. ಅವಳ ಭುಜದ ಪಕ್ಕದಿಂದ ಹೋಗಿ ಬೇವಿನ ಬೊಡ್ಡೆಗೆ ಬಡಿದು ಠಣ್ ಎಂದಿತು. ಚಹಾ ಅವಳ ತೋಳಿನ ಮೇಲೆ ಚೆಲ್ಲಿತು. ಅವಳು ಕಣ್ಣು ಪಿಳುಕಿಸಲಿಲ್ಲ, ನನ್ನನ್ನು ನೋಡಲೂ ಇಲ್ಲ. ಮತ್ತೆ ಕೆಳಗೆ ಕುಳಿತು ಬೋಲ್ಟಿಗೆ ಇನ್ನೊಂದು ಹನಿ ಬಿಟ್ಟಳು. ಮುದುಕರು ಗಂಟಲು ಸರಿಪಡಿಸಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದರು. ಊರಿನವರೆದುರು ಬೆತ್ತಲೆ ನಿಂತ ಹಾಗಾಯಿತು ನನಗೆ.

ಸ್ವಲ್ಪ ಹೊತ್ತಿಗೆ ಬೋಲ್ಟು ಕಿರ್ ಎಂದು ಹೊರಬಂತು. ಅದರ ಮೈತುಂಬ ಕೆಂಪು ಜಿಡ್ಡು: ಕುಂಕುಮ, ವಿಭೂತಿ, ಎಣ್ಣೆ. ಮಗಳು ನಳಿಗೆಯ ಹಿಂಬದಿಗೆ ಕಣ್ಣಿಟ್ಟು, ಮೂತಿಯನ್ನು ಆಕಾಶಕ್ಕೆ ಹಿಡಿದಳು. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ನನ್ನ ಕಡೆ ಚಾಚಿದಳು. ನಾನೂ ಕಣ್ಣಿಟ್ಟೆ. ಕತ್ತಲೆ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಹಿಡಿದರೂ ಬರೀ ಕತ್ತಲೆ.

ಅವಳು ಹಿತ್ತಾಳೆ ಸಲಾಕೆ ಜೋಡಿಸಿ ಹಿಂದಿನಿಂದ ದೂಡಿದಳು. ಮೊದಲು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು, ಮೈಭಾರ ಹಾಕಿ ದೂಡಿದಳು. ಮೂತಿಯಿಂದ ಒಂದು ತುಂಡು ನೆಲಕ್ಕೆ ಬಿತ್ತು, ಆಮೇಲೆ ಇನ್ನೊಂದು, ಮತ್ತೊಂದು. ಕಿರುಬೆರಳಿಗಿಂತ ಸಣ್ಣಗಿನ ಗಟ್ಟಿ ಬಿರಡೆಗಳು. ಮೊದಲು ಬಿದ್ದದ್ದು ಇನ್ನೂ ಹಸಿರಿನ ಬಣ್ಣ ಬಿಟ್ಟಿರಲಿಲ್ಲ. ಬನ್ನಿ ಎಲೆ.

ನೆರಳಲ್ಲಿದ್ದ ಮುದುಕಿ ಓಡಿ ಬಂದು, ಬಗ್ಗಿ ಅವುಗಳನ್ನು ಸೆರಗಿಗೆ ಆರಿಸಿಕೊಂಡರು. "ಅಯ್ಯ, ನೆಲಕ್ಕ ಒಗೀಬ್ಯಾಡ್ರೆವ್ವ! ಬನ್ನಿ ಅದು, ಬಂಗಾರ. ದಸರಾಕ್ಕ ಎಲ್ಲರಿಗೂ ಕೊಡ್ತೀವಿ, ಇದಕ್ಕೂ ಕೊಡ್ತೀನಿ. ಮನಿ ಕಾಯ್ತದಲ್ಲ?"

"ಪ್ರತೀ ವರ್ಷಾ ಏನ್ರಿ ಅಮ್ಮ?" ಮಗಳು ಕೇಳಿದಳು.

"ಹೂಂ. ಹ್ವಾದ ವರ್ಷದ್ದು ತಗದು ಒಗದ್ರ ಪಾಪ ಬರ್ತದಂತ, ಕಡ್ಡಿಲೆ ಒಳಗ ದಬ್ಬಿ ಹೊಸಾದು ಇಡ್ತೀನಿ."

ಮುದುಕರ ಮುಖ ಬೂದಿಯಾಯಿತು. ಅವರು ಅದನ್ನು ಹೊಡೆದು ಹತ್ತು ವರ್ಷ ಮೇಲಾಗಿತ್ತಂತೆ. ನನ್ನ ಮುಷ್ಟಿಯಲ್ಲಿ ಕಾಡತೂಸು ಬೆವರಿಗೆ ಒದ್ದೆಯಾಗಿತ್ತು. ಮಗಳು ಒಂದು ಗಳಿಗೆ ಕೈ ಸಡಿಲಿಸಿದ್ದರೆ ನಾನು ಅದನ್ನು ಒಳಗೆ ತುರುಕಿ, ಕೆನ್ನೆಗೆ ಒತ್ತಿಕೊಂಡು, ಕುದಿಯುವ ಸಿಟ್ಟಿನಲ್ಲಿ ಟ್ರಿಗರ್ ಎಳೆಯುತ್ತಿದ್ದೆ. ಗುಂಡು ವರ್ಷ ವರ್ಷದ ಬಂಗಾರಕ್ಕೆ ಬಡಿದು ನಿಲ್ಲುತ್ತಿತ್ತು, ಬೆಂಕಿ ಹಿಂದಕ್ಕೆ ನನ್ನ ಕಣ್ಣಿಗೆ ಬರುತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎನ್ನುತ್ತಾರೆ. ನನ್ನದು ಕೂದಲೆಳೆಯಲ್ಲಿ ಉಳಿದಿತ್ತು. ಕಾಡತೂಸನ್ನು ಒರೆಸಿ ಮುದುಕರ ಕೈಗೆ ಹಿಂದಿರುಗಿಸಿದೆ. ಬೇವಿನ ಬುಡದಲ್ಲಿ ಬಿದ್ದಿದ್ದ ಕಪ್ಪನ್ನು ಮುದುಕಿ ಎತ್ತಿಕೊಂಡರು. ಅದರ ಅಂಚು ಸೊಟ್ಟಗಾಗಿತ್ತು.

ಎಲೆಯ ತೇವಕ್ಕೆ ನಳಿಗೆಯ ಒಳಮೈ ತುಕ್ಕು ಹಿಡಿದು ಸವೆದುಹೋಗಿತ್ತು. ಮೇಲೆ ಥಳಕು, ಒಳಗೆ ಹುಳುಕು. ಮಗಳು ಅದನ್ನು ಒರೆಸಿ, ಮುದುಕರ ಕೈಗೆ ಕೊಟ್ಟು, "ಯಾರಿಗೂ ಹೊಡೀಲಿಕ್ಕ ಕೊಡಬ್ಯಾಡ್ರಿ ತಾತ," ಎಂದು ಹೇಳಿ ಅವರ ಕಾಲು ಮುಟ್ಟಿದಳು. ನಾನು ಕೈ ಮುಗಿದೆ.

ತಿರುಗಿ ಬರುವಾಗ ಸೇಡಂ ದಾಟಿದರೂ ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು. ತೋಳಿನ ಮೇಲಿನ ಕಲೆ ಒಣಗಿ ಕಂದಾಗಿತ್ತು. ರೈಫಲು ಹೋಯಿತು ಎಂದು ನನಗೆ ಗೊತ್ತಿತ್ತು. ಐನಾಪುರದ್ದಲ್ಲ, ಯಾವುದೇ ರೈಫಲು. ಚಮಚ ಹಾರಿದರೂ ಇಲ್ಲ ಎಂದಿದ್ದಳು ಹೆಂಡತಿ. ನಾನು ಕಪ್ಪು ಹಾರಿಸಿದ್ದೆ. ಚಿತ್ತಾಪುರದ ಹತ್ತಿರ ಮಗಳು ಕಿಟಕಿಯಿಂದ ಮುಖ ತೆಗೆಯದೆಯೇ ಅಂದಳು, "ಅವ್ವಗ ನಾ ಹೇಳಂಗಿಲ್ಲ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗೆ ಹಗುರಾದದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೆಂಡತಿಯ ಕಣ್ಣು ಮೊದಲು ಹೋದದ್ದು ಮಗಳ ತೋಳಿಗೆ. "ಏನದು?"

"ಚಹಾ ಅವ್ವ. ಗಾಡಿ ಕುಲುಕ್ತು, ಚೆಲ್ತು."

ಎಷ್ಟು ಸಲೀಸಾಗಿ ಹೇಳಿದಳು! ಗುರಿ ಹಿಡಿಯುವ ಕೈಯಷ್ಟೇ ಗಟ್ಟಿಯಾದ ದನಿ. ನನ್ನನ್ನು ಮುಚ್ಚಿಡಲು ಅವಳು ಎಷ್ಟು ವರ್ಷದಿಂದ ಹೀಗೆ ಸುಳ್ಳು ಹೇಳುತ್ತಿರಬಹುದು, ಯಾರ್ಯಾರಿಗೆ, ಗೆಳತಿಯರಿಗೆ, ಶಾಲೆಯಲ್ಲಿ.

"ಗಾಡಿ ಅಲ್ಲ," ಅಂದೆ. "ನಾ ಎಸದೆ."

ಎಲ್ಲ ಹೇಳಿದೆ. ಮೂರು ದಿನ ತಡೆಯದ್ದು, ಬದ್ದ್ ಎಂದದ್ದು, ಬನ್ನಿ, ಕಪ್ಪು, ಅವಳ ಕೈಯಿಂದ ಕಸಿಯಲು ಹೋದದ್ದು. ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಅದುರುತ್ತಿತ್ತು. ಬೆಂಕಿಗೆ ಬಿದ್ದದ್ದು ಅವಳ ರೈಫಲಿನ ಆಸೆ, ಹಚ್ಚಿದವನು ನಾನು.

ಹೆಂಡತಿ ಹೋಗಿ ಮಗಳ ಪಕ್ಕ ನಿಂತಳು. ನನ್ನನ್ನಲ್ಲ, ಮಗಳನ್ನು ಕೇಳಿದಳು. "ಇವರು ಕಸಿಯಾಕತ್ತಾಗ ನೀ ಕೊಡ್ಲಿಲ್ಲ?"

"ಇಲ್ಲ."

"ಕೈ ಬಿಡ್ಲೇ ಇಲ್ಲ?"

"ಇಲ್ಲವ್ವ."

ಅವಳು ಗೋಡೆಯ ತಗ್ಗಿನ ಕಡೆ ಒಮ್ಮೆ ನೋಡಿದಳು. "ಹಂಗಾರ ಬಂದೂಕು ಬರ್ಲಿ," ಅಂದಳು. "ನಿನ್ನ ಕೈಯಾಗ ಇರ್ಲಿ. ಬೋಲ್ಟು ಬ್ಯಾರೆ ತಗೀಲಿಕ್ಕ ಬರ್ತದಲ್ಲ? ಅದು ಎಲ್ಲಿರ್ತದಂತ ನಿಮ್ಮಪ್ಪಗ ಗೊತ್ತಾಗಬಾರದು. ಎಂದೂ."

ಮುಂದಿನ ತಿಂಗಳು ಹವಾಲ್ದಾರರ ಜೊತೆ ಕಲಬುರಗಿಯ ಅಂಗಡಿಗೆ ಹೋಗಿ ಒಂದು ಹಳೆಯದನ್ನೇ ತಂದೆವು. ನಾನಾಗಿದ್ದರೆ ಕಣ್ಣೆತ್ತಿ ನೋಡುತ್ತಿರಲಿಲ್ಲ: ಕಟ್ಟಿಗೆಯ ತುಂಬ ಗೀರು, ಪಾಲಿಶ್ ಎಂಬುದೇ ಇಲ್ಲ. ಆದರೆ ನಳಿಗೆಯೊಳಗೆ ಬೆಳಕು ಈ ಕಡೆಯಿಂದ ಆ ಕಡೆಗೆ ನೀರಿನ ಹಾಗೆ ಹರಿಯುತ್ತಿತ್ತು. ಮಗಳು ನೋಡಿದಳು, ಹವಾಲ್ದಾರರು ನೋಡಿದರು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸ್ಪರ್ಧೆಯಲ್ಲಿ ಅವಳು ಹನ್ನೆರಡನೆಯವಳಾಗಿ ಬಂದು, ಗೆದ್ದವಳ ಹಾಗೆ ಕುಣಿದಳು.

ರೈಫಲು ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಕೀಲಿಕೈ ಮಗಳ ಹತ್ತಿರ. ಬೋಲ್ಟು ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ನಾನು ಕಟ್ಟಿದ ಮನೆ, ನನಗೇ ತಿಳಿಯದ ಒಂದು ಮೂಲೆಯೇ? ಒಂದು ಮಧ್ಯಾಹ್ನ ಇಬ್ಬರೂ ಇಲ್ಲದಾಗ ಜೋಳದ ಡಬ್ಬಿಯ ಮುಚ್ಚಳ ತೆಗೆದು ಮೊಣಕೈ ತನಕ ಕೈ ಹಾಕಿದೆ. ಕಾಳಿನೊಳಗೆ ತಡಕಾಡುತ್ತಿರುವ ಬೆರಳು ನನ್ನದೇ ಎಂದು ಅರಿವಾಗಿ ಕೈ ತೆಗೆದೆ. ಮತ್ತೆ ಹುಡುಕಿಲ್ಲ.

ಈ ಸಲದ ಖಂಡೆ ಪೂಜೆಗೆ ಎಲ್ಲ ಸಾಮಾನು ಪಡಸಾಲೆಗೆ ಬಂತು. ಉಳಿ, ಸುತ್ತಿಗೆ, ಪಾಲಿಶ್ ಚಕ್ರದ ಬಿಲ್ಲೆಗಳು, ಟೆಂಪೊದ ಕೀಲಿಕೈ, ಕೊನೆಗೆ ಹಲಗೆಯ ಮೇಲೆ ರೈಫಲು, ನಡುವೆ ಬೋಲ್ಟು ಇರಬೇಕಾದಲ್ಲಿ ಖಾಲಿ ಬಿಟ್ಟುಕೊಂಡು. ಹೆಂಡತಿ ಕಟ್ಟಿಗೆಗೆ ಮಾತ್ರ ವಿಭೂತಿ ಹಚ್ಚಿದಳು. ಮಗಳು ಮೂತಿಗೆ ಅಂಗೈ ಅಡ್ಡ ಹಿಡಿದು ಕುಳಿತಿದ್ದಳು. ನಾನು ನೀರು ತುಂಬಿದ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದೆ. ಅದೇ ತಂಬಿಗೆ, ಅಂದು ಗೋಡೆಗೆ ಬಡಿದು ಹೊಟ್ಟೆಯಲ್ಲಿ ನೆಗ್ಗು ಬಿದ್ದದ್ದು.

ಹೆಂಡತಿ ಆ ಖಾಲಿ ಜಾಗ ನೋಡಿ, ನನ್ನ ಮುಖ ನೋಡಿದಳು. "ವರ್ಷ ಆಗಲಿಕ್ಕ ಬಂತು," ಅಂದಳು, ಎಷ್ಟೋ ದಿನದ ಮೇಲೆ ಕೇಳಿದ ಮೆತ್ತಗಿನ ದನಿಯಲ್ಲಿ. "ಇವತ್ತೊಂದಿನ ಅದನ್ನೂ ತಂದು ಇಡ್ಲೇನು?"

ಮಗಳ ಕಣ್ಣು ನನ್ನ ಮುಂಗೈಗೆ ಬಂದು ಹೋಯಿತು.

"ಬ್ಯಾಡ," ಅಂದೆ. "ಎಲ್ಲಿ ಅದ ಅಲ್ಲೇ ಇರ್ಲಿ."

ಹೆಂಡತಿ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಪೂಜೆಗೆ ನೀರು ಬಿಟ್ಟಳು.